ಹನ್ನೆರಡು ಮೀಟರ್

ಕೊಡಗಿನಲ್ಲಿ ನೆಟ್ಟನೆಯ ರಸ್ತೆ ಹುಡುಕುವುದೆಂದರೆ
ನೆಂಟರ ಮನೆಯಲ್ಲಿ ಉಪವಾಸ ಮಾಡಿದ ಹಾಗೆ,
ಯಾರೂ ಬಿಡುವುದಿಲ್ಲ.
ಮಡಿಕೇರಿ ಬಿಡುವುದಿಲ್ಲ, ಸುಂಟಿಕೊಪ್ಪ ಬಿಡುವುದಿಲ್ಲ,
ಆನೆಕಾಡಿನ ತಿರುವಿನಲ್ಲಿ ಹಸಿ ಲದ್ದಿ ಕಂಡು
ಎರಡು ಸಲ ಹಿಂದಿರುಗಿದ್ದೇನೆ.
ಈ ಸೈಕಲ್ಲಿಗೆ ತಿರುವು ಆಗದು, ಇಳಿಜಾರು ಆಗದು,
ಬ್ರೇಕು ಕೈಗೆ ಸಿಗುವಷ್ಟರಲ್ಲಿ
ಸಿಲ್ವರ್ ಮರ ಬಂದಿರುತ್ತದೆ.

ಹಾಗಾಗಿ ಕುಶಾಲನಗರದಿಂದ ಶಿರಂಗಾಲ,
ಶಿರಂಗಾಲದಿಂದ ಕುಶಾಲನಗರ,
ಶನಿವಾರ ಶಾಲೆ ಬಿಟ್ಟ ಮೇಲೆ ಮೂರು ಸಲ,
ಮಗ್ಗದ ಲಾಳಿ.
ಕೂಡಿಗೆಯ ಟೀ ಅಂಗಡಿಯವನು ಎಣಿಸುತ್ತಾನೆ.
"ಏನು ಟೀಚರ್, ಮತ್ತೆ ಏನಾದರೂ ಮರೆತು ಬಂದಿರಾ?"

ಮೊಣಕೈ ಎರಡೂ ಮೆತ್ತೆಯ ಮೇಲೆ,
ಅಂಗೈ ಮುಖದ ಮುಂದೆ, ಬೊಗಸೆಯೂ ಅಲ್ಲ ಮುಷ್ಟಿಯೂ ಅಲ್ಲ,
ತಲೆ ಭುಜದೊಳಕ್ಕೆ.
ಅವ್ವ ಒಮ್ಮೆ ನೋಡಿ ಹೇಳಿದಳು,
ಹದಿನೆಂಟು ವರ್ಷ ಹಾಕಿ ಆಡಿ ಬಗ್ಗಿದ ಬೆನ್ನು,
ಇನ್ನಾದರೂ ನೆಟ್ಟಗಾದೀತು ಅಂದುಕೊಂಡಿದ್ದೆ.
ಕೋಚ್ ಪಳಂಗಪ್ಪ ಫೋನಿನಲ್ಲಿ,
ಇನ್ನೂ ಎರಡು ಸೆಂಟಿಮೀಟರ್ ಕೆಳಗೆ,
ನೀನು ಇದ್ದೀಯ ಅಂತಲೇ ಗಾಳಿಗೆ ಗೊತ್ತಾಗಬಾರದು.
ಎಂಟು ತಿಂಗಳು ಅದನ್ನೇ ಕಲಿತೆ, ಇಲ್ಲದಿರುವುದನ್ನು.
ನಲವತ್ತೊಂದರ ಹೆಂಗಸಿಗೆ ಅದೇನು ಹೊಸ ಪಾಠವೇ,
ಆದರೂ ಕತ್ತು ನೋಯುತ್ತದೆ.

ತಲೆ ತಗ್ಗಿಸಿದರೆ ಕಾಣುವುದು ನಾಲ್ಕು ಮಾರು ರಸ್ತೆ.
ಒಣಗಲು ಹರಡಿದ ಜೋಳ, ಜೋಳದ ಅಂಚಿಗೆ ಕಲ್ಲು,
ಅಪ್ಪಚ್ಚಿಯಾದ ಕೇರೆಹಾವು,
ಶುಂಠಿ ಮೂಟೆಯಿಂದ ಉದುರಿದ ಮಣ್ಣು.
ಕೊಪ್ಪದ ಕಡೆಯ ಇಬ್ಬರು ಎಳೆಯ ಲಾಮಾಗಳು ಸ್ಕೂಟಿಯಲ್ಲಿ
ಪಕ್ಕಕ್ಕೇ ಬಂದು ನನ್ನ ಬಾಲದ ಹೆಲ್ಮೆಟ್ಟು ನೋಡಿ
ನಕ್ಕದ್ದು ಕೇಳಿಸಿತು; ಕಂಡದ್ದು ಅವರ ಚಪ್ಪಲಿ ಮಾತ್ರ.
ಇಪ್ಪತ್ತು ನಿಮಿಷಕ್ಕೊಂದು ಗುಟುಕು,
ಜೇನು, ಉಪ್ಪು, ನಾಲ್ಕು ತೊಟ್ಟು ಕೈಪುಳಿ.

ನೂರಾ ಹದಿನಾಲ್ಕನೇ ಕಿಲೋಮೀಟರ್.
ಶಿರಂಗಾಲ ಬಿಟ್ಟು ಬಂದಾಗಿತ್ತು, ಎದುರು ಗಾಳಿ,
ಮುಂದೆ ಒಬ್ಬ ಹುಡುಗ. ಏಳನೆಯ ಬಿ, ಉಲ್ಲಾಸ.
ಕ್ಯಾರಿಯರಿನಲ್ಲಿ ಹಾಲಿನ ಕ್ಯಾನು, ಹಳೇ ಟ್ಯೂಬಿನಲ್ಲಿ ಬಿಗಿದದ್ದು,
ಪೆಡಲಿನ ಮೇಲೆ ನಿಂತೇ ತುಳಿಯುತ್ತಿದ್ದಾನೆ,
ಸೈಕಲ್ಲು ಮಾತು ಕೇಳುತ್ತಿಲ್ಲ.
ಹೆಬ್ಬಾಲೆ ಡೇರಿಯ ವ್ಯಾನು ಐದೂವರೆಗೆ.
ನನ್ನ ಗಡಿಯಾರದಲ್ಲಿ ಐದು ಹದಿಮೂರು.

ನಿಯಮ ಇದೆ. ಇನ್ನೊಬ್ಬರ ಬೆನ್ನ ಹಿಂದೆ
ಗಾಳಿಯಿಂದ ತಪ್ಪಿಸಿಕೊಳ್ಳುವಂತಿಲ್ಲ.
ಹನ್ನೆರಡು ಮೀಟರ್ ಬಿಡಬೇಕು, ಬಿಡದಿದ್ದರೆ
ಐದು ನಿಮಿಷ ಡೇರೆಯಲ್ಲಿ ಕೂರಿಸುತ್ತಾರೆ.
ದಾಟಿದೆ. ಹನ್ನೆರಡು ಮೀಟರ್ ಕೂಡ ದಾಟಿತು.
ಆಮೇಲೆ ತುಳಿಯುವುದನ್ನು ನಿಲ್ಲಿಸಿದೆ.
"ಹಿಂದೆ ಅಂಟಿಕೋ. ಚಕ್ರ ನೋಡು, ನನ್ನ ನೋಡಬೇಡ."

ಬಂದ. ಬಂದರೂ ಅದೇ ಏದುಸಿರು.
ಆಗ ಹೊಳೆಯಿತು, ನನ್ನ ಹಿಂದೆ ಏನೂ ಇಲ್ಲ.
ಎಂಟು ತಿಂಗಳು ಸವೆಸಿ ಸವೆಸಿ
ಒಬ್ಬ ಹುಡುಗನಿಗೆ ಸಾಕಾಗುವಷ್ಟೂ ಉಳಿದಿಲ್ಲ ನಾನು.

ಮೊಣಕೈ ಎತ್ತಿದೆ. ಹೊರಗಿನ ಹಿಡಿಗೆ ಕೈ ಹಾಕಿದೆ.
ಎದ್ದು ಕೂತೆ, ಗೋಲಿನ ಮುಂದೆ ನಿಲ್ಲುತ್ತಿದ್ದಾಗಿನ ಹಾಗೆ
ಭುಜ ಅಗಲಿಸಿ, ಜಿಪ್ಪು ಇಳಿಸಿ,
ಅಂಗಿ ಪಟಪಟ ಉಬ್ಬಲಿ ಎಂದು.
ಗಾಳಿ ಬಂದು ಬಡಿಯಿತು, ಹಳೇ ಜಗಳದವಳು, ಎದೆಗೇ.
ಎಡಕ್ಕೆ ನೀಲಗಿರಿ ತೋಪು ಇದೆಯೆಂದು ಅವತ್ತೇ ಕಂಡದ್ದು,
ಆಚೆ ಕಾವೇರಿ, ಒಬ್ಬಳು ಚಾಪೆ ಒಗೆಯುತ್ತಿದ್ದಾಳೆ.
ವೇಗ ಹದಿನೆಂಟು. ಹಿಂದೆ ಕ್ಯಾನಿನ ಮುಚ್ಚಳದ ಟಕಟಕ.
ಸದ್ದು ದೂರವಾದರೆ ನಿಧಾನ, ಹತ್ತಿರವಾದರೆ ಸ್ವಲ್ಪ ಜೋರು.
ಪವರ್ ಮೀಟರ್ ಏನೋ ಹೇಳುತ್ತಿತ್ತು. ಓದಲಿಲ್ಲ.

ಐದು ಇಪ್ಪತ್ತೇಳಕ್ಕೆ ಡೇರಿ. ಸರ್ರನೆ ತಿರುಗಿದ,
ಥ್ಯಾಂಕ್ಸು ಗೀಂಕ್ಸು ಏನಿಲ್ಲ,
"ಮಿಸ್, ಇಷ್ಟು ದುಡ್ಡಿನ ಸೈಕಲ್ಲಿಗೆ ಬೆಲ್ಲೇ ಇಲ್ವಾ?"

ರಾತ್ರಿ ಪಳಂಗಪ್ಪ. ಗ್ರಾಫು ನೋಡಿದ್ದಾನೆ.
ಹದಿನಾಲ್ಕು ನಿಮಿಷ ಏನಾಯಿತು, ಪಂಕ್ಚರಾ?
ಅಲ್ಲ.
ಹೊಟ್ಟೆಯಾ?
ಅಲ್ಲ, ಗಾಳಿ, ಎಂದೆ.
ಗಾಳಿ ಎಲ್ಲರಿಗೂ ಇರುತ್ತದೆ, ಎಂದ.
ಹೌದು, ಎಂದೆ.

ನಾಳೆ ಓಟ, ಇಪ್ಪತ್ತೆಂಟು ಕಿಲೋಮೀಟರ್.
ಕಾಲಿಗೆ ಎಣ್ಣೆ ತಿಕ್ಕುತ್ತಾ ಸೈಕಲ್ಲಿನ ಎದುರು ಕೂತಿದ್ದೇನೆ,
ಎಲ್ಲವನ್ನೂ ಕೆತ್ತಿ ತೆಗೆದ ಈ ಹಿಡಿಯಲ್ಲಿ
ಒಂದು ಬೆಲ್ಲು ಕಟ್ಟಲು ಜಾಗ ಎಲ್ಲಿದೆ ಎಂದು ಹುಡುಕುತ್ತಾ.